ವೀಸಾ ಮುಗಿಯುತ್ತಿದೆ, ಊರಿಗೆ ವಿಮಾನವಿಲ್ಲ

2020ರ ಮಾರ್ಚ್. ಜರ್ಮನಿಯಲ್ಲಿ ನನ್ನ ಎಕ್ಸ್‌ಚೇಂಜ್ ಸೆಮಿಸ್ಟರ್ ಮುಗಿದಿತ್ತು, ವೀಸಾ 31ರವರೆಗೆ ಮಾತ್ರ. ಅಷ್ಟರಲ್ಲಿ ಕೊರೊನಾದಿಂದಾಗಿ ಭಾರತ ಅಂತಾರಾಷ್ಟ್ರೀಯ ವಿಮಾನಗಳನ್ನೇ ನಿಲ್ಲಿಸಿಬಿಟ್ಟಿತು. ವೀಸಾ ಕಚೇರಿಗೆ ಬೀಗ. ಮೂರು ದಿನ ಬರೀ ಫೋನ್ ಮಾಡುತ್ತಾ ಕೂತದ್ದು ನನ್ನ ದಡ್ಡತನ.

ಕೆಲಸಕ್ಕೆ ಬಂದದ್ದು ಇಮೇಲ್. ಅಲ್ಲಿನ ಕಾನೂನಿನಂತೆ, ದೀರ್ಘಾವಧಿಯ ರಾಷ್ಟ್ರೀಯ ವೀಸಾ (ಅಲ್ಪಾವಧಿಯ ಷೆಂಗೆನ್ ವೀಸಾ ಅಲ್ಲ) ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದರೆ ತೀರ್ಮಾನ ಬರುವವರೆಗೆ ಹಳೆಯದೇ ನಡೆಯುತ್ತದೆ. ಪಾಸ್‌ಪೋರ್ಟ್, ಆರೋಗ್ಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ರದ್ದಾದ ಟಿಕೆಟ್, ಎಲ್ಲ ಒಂದೇ ಪಿಡಿಎಫ್ ಮಾಡಿ 29ರ ರಾತ್ರಿ ಕಳಿಸಿದೆ. ಕಳಿಸಿದ ಮೇಲ್ ಪ್ರಿಂಟ್ ತೆಗೆದು ಪಾಸ್‌ಪೋರ್ಟಿನೊಳಗೇ ಇಟ್ಟುಕೊಂಡೆ.

ಆಮೇಲೆ ಅಂಚೆಯಲ್ಲಿ 'ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್' ಎಂಬ ಪತ್ರ ಬಂತು; ತೀರ್ಮಾನ ಬರುವವರೆಗೆ ಹಳೆಯ ವೀಸಾ ನಡೆಯುತ್ತದೆ ಎಂಬುದಕ್ಕೆ ಪುರಾವೆ ಅದು. ಹೆಸರು ಕೇಳಿ ಅಮ್ಮ, "ಅದ್ಯಾವ ಕಾಯಿಲೆಯೋ?" ಅಂದರು. ಮೇ 7ಕ್ಕೆ, ವಿದೇಶಗಳಲ್ಲಿ ಸಿಲುಕಿದ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ನನಗೆ ಸೀಟು ಸಿಕ್ಕಿದ್ದು ಜೂನ್‌ನಲ್ಲಿ.