ತಾರೀಖು ಹಿಡಿದು ಗ್ರೇಟ್‌ಫುಲ್ ಡೆಡ್ ಕೇಳುವ ಬಗೆ

ಪುಣೆಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಬಂದು, ಭೀಮಸೇನ ಜೋಶಿಯವರ ಒಂದೇ ರಾಗವನ್ನು ಎರಡು ಬೇರೆ ವರ್ಷಗಳ ಧ್ವನಿಮುದ್ರಣಗಳಲ್ಲಿ ಹೋಲಿಸಿ ಕೇಳುವ ಕನ್ನಡಿಗರಿಗೆ, ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡವನ್ನು ಕೇಳುವ ವಿದ್ಯೆ ಅರ್ಧದಷ್ಟು ಆಗಲೇ ಬಂದಿರುತ್ತದೆ. 1965ರಿಂದ ಹಿಡಿದು, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡ 1995ರವರೆಗೆ 2,000ಕ್ಕೂ ಹೆಚ್ಚು ಕಛೇರಿ ನಡೆಸಿದ ಈ ತಂಡದ ಅಭಿಮಾನಿಗಳು ಆಲ್ಬಮ್ಮಿನ ಹೆಸರಿಗಿಂತ ಕಛೇರಿಯ ತಾರೀಖನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಮೊದಲು 8 ಮೇ 1977ರ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್ ಕಛೇರಿಯನ್ನು ಆರಿಸಿಕೊಳ್ಳಿ. ಇದೇ ಸರ್ವಶ್ರೇಷ್ಠವೆಂಬ ಅನೇಕ ಅಭಿಮಾನಿಗಳ ಮಾತನ್ನು ನಾನು ಒಪ್ಪುವುದಿಲ್ಲವಾದರೂ, ಹೊಸಬರಿಗೆ ಇಷ್ಟು ಸ್ವಚ್ಛವಾದ ಧ್ವನಿ ಬೇರೆಡೆ ಸುಲಭವಾಗಿ ಸಿಗದು. ಎರಡನೆಯ ಭಾಗದಿಂದಲೇ ಆರಂಭಿಸಿ. 'ಸ್ಕಾರ್ಲೆಟ್ ಬಿಗೋನಿಯಾಸ್' ಹಾಡು ಎಲ್ಲೂ ನಿಲ್ಲದೆ 'ಫೈರ್ ಆನ್ ದ ಮೌಂಟನ್' ಆಗಿ ಮಾರ್ಪಡುವ ಜಾಗವನ್ನು ಗುರುತಿಸಲು ಪ್ರಯತ್ನಿಸಿ. ಒಂದು ಸಲ ಫಿಲ್ ಲೆಶ್ ಅವರ ಬಾಸ್ ಗಿಟಾರನ್ನು ಮಾತ್ರ, ಮತ್ತೊಂದು ಸಲ ಇಬ್ಬರು ಡ್ರಮ್ ವಾದಕರನ್ನು ಮಾತ್ರ ಹಿಂಬಾಲಿಸಿದರೆ ಬೆಸುಗೆ ಹೇಗೆ ಕೂಡಿತೆಂಬುದು ತಿಳಿಯುತ್ತದೆ. ಹಾಡುಗಳ ಪಟ್ಟಿಯಲ್ಲಿ ಇಂತಹ ಜಾಗಕ್ಕೆ ಬಾಣದ ಗುರುತು ಇರುತ್ತದೆ. ಫೋನಿನ ಪ್ಲೇಯರಿನಲ್ಲಿ ಎರಡು ಟ್ರ್ಯಾಕ್‌ಗಳ ನಡುವೆ ಮೌನ ಬಾರದಂತೆ ಸೆಟ್ಟಿಂಗ್ ಬದಲಿಸದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಒಂದೇ ಕಛೇರಿಯ ಹಲವು ಪ್ರತಿಗಳು ಕಾಣಿಸುತ್ತವೆ. ಸೌಂಡ್‌ಬೋರ್ಡ್ ಪ್ರತಿಯಲ್ಲಿ, ಅಂದರೆ ವೇದಿಕೆಯ ಧ್ವನಿಗಳನ್ನು ಬೆರೆಸುವ ಯಂತ್ರದಿಂದ ನೇರವಾಗಿ ಮುದ್ರಿಸಿದ್ದರಲ್ಲಿ, ಪ್ರತಿ ವಾದ್ಯವೂ ಬಿಡಿಯಾಗಿ ಕೇಳುತ್ತದೆ. ಸಭಿಕರ ನಡುವೆ ಮೈಕ್ ಹಿಡಿದು ಮಾಡಿದ ಪ್ರತಿಯಲ್ಲಿ ಸಭಾಂಗಣದ ಗುಂಗು, ಚಪ್ಪಾಳೆ, ಕೆಮ್ಮು ಎಲ್ಲವೂ ಸೇರಿರುತ್ತವೆ. ಹೀಗೆ ಮುದ್ರಿಸಿಕೊಳ್ಳುವವರಿಗೆಂದು ತಂಡವೇ 1984ರಲ್ಲಿ ಪ್ರತ್ಯೇಕ ಜಾಗ ಮೀಸಲಿಟ್ಟಿತು. ಮೊದಲ ಸಲ ಸೌಂಡ್‌ಬೋರ್ಡ್, ಅದು ಬಾಯಿಪಾಠವಾದ ಮೇಲೆ ಸಭಿಕರ ಪ್ರತಿ ಎಂಬುದು ನನ್ನ ಕ್ರಮ.

ಇನ್ನು ತಾರೀಖುಗಳ ಹೋಲಿಕೆ. 1968ರ ಸ್ಟುಡಿಯೊ ಮುದ್ರಣದಲ್ಲಿ 'ಡಾರ್ಕ್ ಸ್ಟಾರ್' ಮೂರು ನಿಮಿಷವೂ ಇಲ್ಲ. 1969ರ 'ಲೈವ್/ಡೆಡ್' ಆಲ್ಬಮ್ಮಿನಲ್ಲಿ ಅದು 23 ನಿಮಿಷ ದಾಟುತ್ತದೆ. 27 ಆಗಸ್ಟ್ 1972ರಂದು ಆರಿಗನ್ ರಾಜ್ಯದ ವೆನೀಟಾದಲ್ಲಿ, ವಾದ್ಯಗಳ ಶ್ರುತಿ ಜಾರುವಂತಹ ಬಿಸಿಲಿನ ದಿನ, ಅರ್ಧ ಗಂಟೆಯನ್ನೂ ಮೀರುತ್ತದೆ. ಈ ಮೂರನ್ನೂ ಒಂದೇ ದಿನ ಕೇಳಬೇಡಿ. ಮೊದಲನೆಯದು ಬಂದಿಶ್ (ರಾಗದ ಸಿದ್ಧ ರಚನೆ) ಎಂದುಕೊಂಡರೆ ಉಳಿದೆರಡು ಅದರ ವಿಸ್ತಾರ. ಸ್ವರಗಳೆಲ್ಲ ಚದುರಿಹೋದಂತೆ ತೋರುವಾಗ ಮೂಲದ ಸಣ್ಣ ಎಳೆಯೊಂದು ಮರಳಿ ಬರುವ ಗಳಿಗೆಗಾಗಿ ಕಾಯಬೇಕು.

'ಲೈವ್/ಡೆಡ್' ಹಾಕಿದಾಗ 'ದಿ ಇಲೆವೆನ್' ಬರುವವರೆಗೂ ಎದ್ದೇಳಬೇಡಿ. ತಂಡದ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಅವರು ತಬಲಾದ ಅಲ್ಲಾ ರಖಾ ಅವರಲ್ಲಿ ಪಾಠ ಹೇಳಿಸಿಕೊಂಡವರು, ಅವರ ಮಗ, ಮುಂಬೈಯ ಮಾಹಿಮ್‌ನಲ್ಲಿ ಬೆಳೆದ ಝಾಕಿರ್ ಹುಸೇನ್ ಅವರ ಜೊತೆ ಮುಂದೆ ನುಡಿಸಿದವರು. ಹಾಡಿನ ಹನ್ನೊಂದು ಮಾತ್ರೆಗಳನ್ನು ಮೂರು, ಮೂರು, ಮೂರು, ಎರಡು ಎಂದು ಬೆರಳಿನಲ್ಲಿ ಎಣಿಸಿ. ಕೊನೆಯ ಎರಡರಲ್ಲಿ ಲೆಕ್ಕ ತಪ್ಪುವುದು ಸಹಜ. ಆಗ ಗಿಟಾರನ್ನು ಬಿಟ್ಟು ಬಾಸ್ ಹಿಡಿದುಕೊಂಡರೆ ಮುಂದಿನ ಆವರ್ತದ ಸಮ್, ಅಂದರೆ ಮೊದಲ ಮಾತ್ರೆ, ಸಿಗುತ್ತದೆ.