ಪಾಚಿ ಬಾಟಲಿಯಲ್ಲಿ ಹಗಲು ರಾತ್ರಿ ನೋಡುವುದು ಹೀಗೆ

ಮಳೆಗಾಲದಲ್ಲಿ ಅಂಗಳಕ್ಕೆ ಕಾಲಿಟ್ಟರೆ ಸರ್ರನೆ ಜಾರಿಸುತ್ತದಲ್ಲ, ಆ ಲೋಳೆಯಲ್ಲಿ ನೀಲಿ-ಹಸಿರು ಪಾಚಿಯೂ ಇರುತ್ತದೆ. ಹೆಸರಿಗಷ್ಟೇ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ ಅಂತಾರೆ. ಎಲೆ ಇಲ್ಲದಿದ್ದರೂ ದ್ಯುತಿಸಂಶ್ಲೇಷಣೆ ಮಾಡುತ್ತದೆ, ಇದರ ಕೆಲವು ಜಾತಿಗಳ ಒಳಗೆ ದಿನದ ಲೆಕ್ಕ ಇಡುವ ಗಡಿಯಾರವೂ ಇದೆ. ಮೊದಲನೆಯದನ್ನು ಉಪ್ಪಿನಕಾಯಿ ಬಾಟಲಿಯಲ್ಲೇ ನೋಡಬಹುದು. ಎರಡನೆಯದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಗದ್ದೆಯ ಅಂಚು, ಅಡಿಕೆ ತೋಟದ ಬಸಿಗಾಲುವೆ, ಎಲ್ಲಿ ನೀರು ನಿಂತಿದೆಯೋ ಅಲ್ಲಿ ಹುಡುಕಿ. ಕೆಸರಿನ ಮೇಲೆ ಕಪ್ಪಿಗೆ ತಿರುಗಿದ ಹಸಿರು ಬಣ್ಣದ ಚಕ್ಕೆ ಹಾಸಿಕೊಂಡಿರುತ್ತದೆ, ಮುಟ್ಟಿದರೆ ನುಣುಪು, ಎಷ್ಟೋ ಸಲ ಮಣ್ಣಿನ ವಾಸನೆ. ಹುಲ್ಲು ಹಸಿರಾಗಿ ಉದ್ದ ಕೂದಲಿನ ಹಾಗಿದ್ದರೆ ಅದು ಬೇರೆ ಪಾಚಿ. ನಾನು ಮೊದಲ ಸಲ ಅದನ್ನೇ ತಂದು ವಾರವಿಡೀ ಸಂಭ್ರಮಪಟ್ಟಿದ್ದೆ. ಹಳೆ ಚಮಚದಲ್ಲಿ ತೆಗೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇವುಗಳಲ್ಲಿ ಕೆಲವು ವಿಷ ಮಾಡುತ್ತವೆ. ಆ ನೀರನ್ನು ದನ ಕುಡಿಯುವ ತೊಟ್ಟಿಗೆ ಚೆಲ್ಲಬೇಡಿ.

ಅಗಲ ಬಾಯಿಯ ಗಾಜಿನ ಬಾಟಲಿಗೆ ಬಾವಿ ನೀರು, ಅಂಗೈಯಷ್ಟು ಚಕ್ಕೆ, ಒಂದು ಚಿಟಿಕೆ ಅಡುಗೆ ಸೋಡಾ. ಸೋಡಾದಿಂದ ಬರುವ ಬೈಕಾರ್ಬನೇಟನ್ನು ಇವು ಒಳಗೆಳೆದುಕೊಂಡು ಇಂಗಾಲದ ಮೂಲವಾಗಿ ಬಳಸುತ್ತವೆ. ಮುಚ್ಚಳ ಸಡಿಲ ಇರಲಿ. ಬೆಳಕು ಚೆನ್ನಾಗಿ ಬೀಳುವ ಕಿಟಕಿ ಸಾಕು. ಮಧ್ಯಾಹ್ನದ ಬಿಸಿಲಿಗೆ ನೇರ ಇಟ್ಟರೆ ಪಾಚಿ ಬೆಂದು ನಾರುತ್ತದೆ, ಆಮೇಲೆ ಮನೆಯವರಿಂದ ನಿಮಗೂ ಮಂಗಳಾರತಿ. ಇನ್ನೊಂದು ಬಾಟಲಿಯನ್ನು ಇದೇ ರೀತಿ ಮಾಡಿ, ದಪ್ಪ ಕಪ್ಪು ಬಟ್ಟೆ ಸುತ್ತಿ ಪಕ್ಕದಲ್ಲೇ ಇಡಿ.

ಬೆಳಕು ಏರಿದ ಹಾಗೆ ಚಕ್ಕೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ. ಅದು ಆಮ್ಲಜನಕ. ಗುಳ್ಳೆ ಲೋಳೆಯಲ್ಲಿ ಸಿಕ್ಕಿಕೊಂಡು ಜಾಸ್ತಿಯಾದರೆ ಚಕ್ಕೆಯ ಒಂದು ಮೂಲೆ ಎದ್ದು ನಿಲ್ಲುತ್ತದೆ, ಕೆಲವೊಮ್ಮೆ ಇಡೀ ಚಕ್ಕೆಯೇ ದೋಸೆ ಮಗುಚಿದ ಹಾಗೆ ತಿರುಗಿ ಮೇಲೆ ಬಂದು ತೇಲುತ್ತದೆ. ಬಟ್ಟೆ ಸುತ್ತಿದ್ದರಲ್ಲಿ ಈ ಆಟ ಇಲ್ಲ. ರಾತ್ರಿಯ ಕತ್ತಲಲ್ಲಿ ಹೊಸ ಗುಳ್ಳೆ ಬರುವುದಿಲ್ಲ, ಇದ್ದದ್ದೂ ಕರಗಿ ಚಕ್ಕೆ ಮತ್ತೆ ತಳಕ್ಕೆ ಇಳಿಯಬಹುದು.

ಇಲ್ಲಿಗೇ "ಗಡಿಯಾರ ನೋಡಿಬಿಟ್ಟೆ" ಅಂತ ಕುಣಿಯಬೇಡಿ. ನೀವು ನೋಡಿದ್ದು ಬೆಳಕು ಬಂದರೆ ಕೆಲಸ, ಹೋದರೆ ರಜೆ, ಅಷ್ಟೇ. ಬೆಳಕು ಒಂದೇ ಸಮ ಇದ್ದಾಗಲೂ ಸುಮಾರು 24 ಗಂಟೆಗೊಮ್ಮೆ ಏರಿಳಿತ ಬಂದರೆ ಅದು ಗಡಿಯಾರ. ಬೇಕಿದ್ದರೆ ಮೂರು ದಿನ ಹಗಲು-ರಾತ್ರಿ ರೂಢಿ ಮಾಡಿಸಿ, ಆಮೇಲೆ ಎಲ್‌ಇಡಿ ಬಲ್ಬು ಬಿಡದೆ ಹಚ್ಚಿಟ್ಟು ಮೂರು ಗಂಟೆಗೊಮ್ಮೆ ಗುಳ್ಳೆ ಎಣಿಸಿ. ನಮ್ಮಲ್ಲಿ ಮಳೆ-ಗಾಳಿಗೆ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ಲ, ಇನ್ವರ್ಟರ್ ಇಲ್ಲದಿದ್ದರೆ ಲೆಕ್ಕ ಬಿಟ್ಟುಬಿಡಿ. ಕೆಲವು ಗಂಟೆ ಕತ್ತಲಾದರೂ ಗಡಿಯಾರದ ಮುಳ್ಳು ಜರುಗಿಬಿಡಬಹುದು. ಕರೆಂಟ್ ಇದ್ದರೂ ಕೋಣೆಯ ಬಿಸಿ ಹಗಲು ಹೆಚ್ಚಿ ರಾತ್ರಿ ಇಳಿದರೆ ಗುಳ್ಳೆಯೂ ಅದರಂತೆ ಏರಿಳಿದು ದಾರಿ ತಪ್ಪಿಸುತ್ತದೆ. ಹಾಗಾಗಿ ಇದನ್ನು ಮೋಜಿಗೆ ಮಾಡಿ, ಪುರಾವೆಗೆ ಬೇಡ.

ಪುರಾವೆ ಸಿಕ್ಕಿದ್ದು ಪ್ರಯೋಗಾಲಯದಲ್ಲಿ. ಸಿನೆಕೊಕಾಕಸ್ ಎಂಬ ಜಾತಿಗೆ ಹೊಳೆಯುವ ಜೀನ್ ಸೇರಿಸಿ, ಒಂದೇ ಸಮ ಬೆಳಕಿನಲ್ಲಿಟ್ಟು, ಅದರ ಹೊಳಪು ದಿನಕ್ಕೊಮ್ಮೆ ಏರಿ ಇಳಿಯುವುದನ್ನು ಜಪಾನಿನ ವಿಜ್ಞಾನಿ ತಕಾವೊ ಕೊಂಡೊ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದರು. ಗಡಿಯಾರದ ಬಿಡಿಭಾಗ ಮೂರು ಪ್ರೋಟೀನು: ಕೈ-ಎ, ಕೈ-ಬಿ, ಕೈ-ಸಿ. ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ, ಜಪಾನಿ ಭಾಷೆಯಲ್ಲಿ "ಕೈ" ಅಂದರೆ ಸುತ್ತು. ಕೈ-ಎ ನೆರವಿನಿಂದ ಕೈ-ಸಿ ಮೇಲೆ ಫಾಸ್ಫೇಟ್ ಕೂರುತ್ತದೆ. ಆಮೇಲೆ ಕೈ-ಬಿ ಬಂದು ಕೈ-ಎಯನ್ನು ಹಿಡಿದಿಟ್ಟುಕೊಂಡಾಗ ಫಾಸ್ಫೇಟ್ ಕಳಚುತ್ತದೆ, ಮತ್ತೆ ಶುರು. 2005ರಲ್ಲಿ ಈ ಮೂರನ್ನು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ರಾಸಾಯನಿಕದ ಜೊತೆ ಟೆಸ್ಟ್ ಟ್ಯೂಬಿಗೆ ಹಾಕಿದರು. ಜೀವಕೋಶವೇ ಇಲ್ಲದಿದ್ದರೂ ಗಡಿಯಾರ ಓಡಿತು.

ನೋಡಿ ಮುಗಿದ ಮೇಲೆ ಪಾಚಿಯನ್ನು ತಂದ ಗದ್ದೆಗೇ ಬಿಡಿ. ಅಲ್ಲಿನ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನೂ ಹಿಡಿಯುತ್ತವೆ. ಆ ಕೆಲಸದ ಕಿಣ್ವಕ್ಕೆ ಆಮ್ಲಜನಕ ಕಂಡರೆ ಆಗದು, ಅದಕ್ಕೇ ಅವುಗಳಲ್ಲಿ ಕೆಲವು ಹಗಲು ಆಮ್ಲಜನಕ ಬಿಟ್ಟು, ಸಾರಜನಕದ ಪಾಳಿಯನ್ನು ರಾತ್ರಿಗೆ ಇಟ್ಟುಕೊಂಡಿವೆ.