ಮನೆಯಲ್ಲಿ ಓದಿಸಿ ಅಂದರೆ ಸಾಕಾಗಲಿಲ್ಲ

ನಾಲ್ಕನೇ ತರಗತಿಯ ಇಬ್ಬರು ಮಕ್ಕಳಿಂದ ಶುರು ಮಾಡುತ್ತೇನೆ. ಇಬ್ಬರ ಹೆಸರೂ "ಓದಿನಲ್ಲಿ ಹಿಂದೆ" ಅನ್ನುವ ಪಟ್ಟಿಯಲ್ಲಿತ್ತು.

ಹುಡುಗಿ ಪುಟ ಕೊಟ್ಟರೆ ಸರಸರ ಓದುತ್ತಿದ್ದಳು. ಒತ್ತಕ್ಷರ ತಪ್ಪುತ್ತಿರಲಿಲ್ಲ. ಪೂರ್ಣವಿರಾಮ ಬಂದರೆ ನಿಲ್ಲುತ್ತಿದ್ದಳು. ಒಂದು ಕತೆ ಓದಿ ಮುಗಿಸಿದ ಮೇಲೆ "ನರಿ ಯಾಕೆ ವಾಪಸ್ ಹೋಯ್ತು?" ಎಂದು ಕೇಳಿದೆ. ಸುಮ್ಮನೆ ನನ್ನ ಮುಖ ನೋಡಿದಳು. ನರಿ ವಾಪಸ್ ಹೋದದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

ಹುಡುಗನದು ಇದಕ್ಕೆ ಉಲ್ಟಾ. ಕತೆ ಹೇಳಿದರೆ ಮೈಯೆಲ್ಲಾ ಕಿವಿಯಾಗಿ ಕೇಳುತ್ತಿದ್ದ, ಮರುದಿನ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದ. ಅದೇ ಕತೆಯನ್ನು ಪುಸ್ತಕದಲ್ಲಿ ತೆಗೆದು ಕೊಟ್ಟರೆ ಮೊದಲ ಸಾಲಿನಲ್ಲೇ ತಡವರಿಸುತ್ತಿದ್ದ. "ವರ್ಷ" ಅನ್ನುವುದನ್ನು "ವಷರ" ಎಂದು ಓದಿದ. ಯೋಚಿಸಿದರೆ ಅವನು ಮಾಡಿದ್ದರಲ್ಲಿ ಅರ್ಥವಿತ್ತು. ಅರ್ಕಾವತ್ತು ಬರೆಯುವುದು ಷ ಆದ ಮೇಲೆ, ಉಚ್ಚರಿಸುವುದು ಅದಕ್ಕಿಂತ ಮೊದಲು. ಕಣ್ಣಿಗೆ ಕಂಡ ಕ್ರಮದಲ್ಲೇ ಅವನು ಓದಿದ್ದ.

ಇಬ್ಬರನ್ನೂ ಒಂದೇ ಪಟ್ಟಿಗೆ ಹಾಕಿ, ಇಬ್ಬರಿಗೂ ಒಂದೇ ಪಾಠ ಮಾಡಿ, ಇಬ್ಬರ ಮನೆಯವರಿಗೂ ಒಂದೇ ಮಾತು ಹೇಳಿದೆ. ಮೊದಲ ವರ್ಷ ನಾನು ಎಡವಿದ್ದೇ ಅಲ್ಲಿ.

ಓದಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಬರಹವನ್ನು ಬಿಡಿಸಿ ಪದ ಮಾಡಿಕೊಳ್ಳುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡರ ಗುಣಲಬ್ಧವೇ ಓದು ಅಂದರು. ಕೂಡುವುದಲ್ಲ, ಗುಣಿಸುವುದು. ಯಾವುದಾದರೂ ಒಂದು ಸೊನ್ನೆಯಾದರೆ ಓದೂ ಸೊನ್ನೆ. ಇದನ್ನು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಈ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ಓದಿಸಿದ ದಿನವೇ ಅದು ನನಗೆ ನಿಜವಾಗಿ ತಿಳಿದದ್ದು.

ಶಾಲೆಯಲ್ಲಿ ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ನೂರು ಪದದ ಒಂದು ತುಣುಕು ಓದಿಸಿದೆ. ತಪ್ಪಿದ ಪದಗಳನ್ನು ನನ್ನ ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ನಾಲ್ಕು ಪ್ರಶ್ನೆ. ಇಡೀ ತರಗತಿ ಮುಗಿಯಲು ಎರಡು ವಾರ ಹಿಡಿಯಿತು, ಆದರೆ ವರ್ಷದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಎರಡು ವಾರ ಬೇರೆ ಇಲ್ಲ. ಅದರ ಮೇಲೆ ಗುಂಪು ಮಾಡಿದೆ. ದಿನಾ ಅರ್ಧ ಗಂಟೆ, ಅವರವರ ಮಟ್ಟದ ಪುಸ್ತಕ. ತಡವರಿಸುವ ಗುಂಪಿಗೆ ಒಂದೇ ತುಣುಕನ್ನು ಮೂರು ನಾಲ್ಕು ಸಲ ಓದಿಸುವುದು. ಸಂಶೋಧಕ ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದ ವಿಧಾನ ಇದು. ನಾಲ್ಕನೇ ಸಲಕ್ಕೆ ಮಗುವಿನ ದನಿಯೇ ಬದಲಾಗುತ್ತದೆ, ಅದನ್ನು ಕೇಳಿದವರಿಗೇ ಗೊತ್ತು. ಅಕ್ಷರ ಹುಡುಕುವ ಕೆಲಸ ಕಡಿಮೆಯಾದಾಗ ಅರ್ಥದ ಕಡೆ ಮನಸ್ಸು ಹೋಗುತ್ತದೆ.

ಕನ್ನಡ ಓದಿಸುವವರಿಗೆ ಇಲ್ಲಿ ಒಂದು ಮಾತು. ನಮ್ಮ ಮಕ್ಕಳು ನಿಧಾನ ಅಂತ ಬೇಗ ಗಾಬರಿಯಾಗಬೇಡಿ. ಕನ್ನಡದ ಆರಂಭಿಕ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ: ಇಂಗ್ಲಿಷಿನಂಥ ವರ್ಣಮಾಲೆ ಕಲಿಯುವುದಕ್ಕಿಂತ ನಮ್ಮ ಲಿಪಿ ಪೂರ್ತಿ ಕೈಗೆ ಬರಲು ಜಾಸ್ತಿ ವರ್ಷ ಬೇಕು. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಒಂದನೇ ತರಗತಿಯಲ್ಲಿ ಒಂದು ಸಲ ಹೇಳಿಕೊಟ್ಟು, ಮುಗಿಯಿತು ಅಂದುಕೊಂಡರೆ ಆಗುವುದಿಲ್ಲ. ಮೂರು, ನಾಲ್ಕನೇ ತರಗತಿಯಲ್ಲೂ ಒತ್ತಕ್ಷರ ಕಲಿಸುತ್ತಲೇ ಇರಬೇಕು.

ದಿನಾ ಅರ್ಧ ಗಂಟೆಯ ಈ ಓದು ಶುರುವಾಗಿ ಕೆಲವು ತಿಂಗಳಲ್ಲಿ ಹೆಚ್ಚಿನ ಮಕ್ಕಳ ಓದು ಮುಂದೆ ಹೋಯಿತು. ರಜೆ ಬಂತು. ರಜೆ ಮುಗಿಸಿ ಬಂದಾಗ ಅದೇ ಹಾಳೆ ಹಿಡಿದು ಕೂತೆ. ಕೆಲವರು ಬಿಟ್ಟಲ್ಲೇ ಇದ್ದರು, ಕೆಲವರು ಇನ್ನೂ ಚೆನ್ನಾಗಿ ಓದಿದರು. ಆದರೆ ಸುಮಾರು ಮಕ್ಕಳು ಹಿಂದಕ್ಕೆ ಜಾರಿದ್ದರು. ಶಾಲೆಯಲ್ಲಿ ಎಲ್ಲರಿಗೂ ಒಂದೇ ಅರ್ಧ ಗಂಟೆ ಸಿಕ್ಕಿತ್ತಲ್ಲ? ಹಾಗಾದರೆ ವ್ಯತ್ಯಾಸ ಬಂದದ್ದು ಉಳಿದ ಗಂಟೆಗಳಿಂದ.

ಪೋಷಕರ ಸಭೆಯಲ್ಲಿ ನಾನು ಎಲ್ಲರಿಗೂ "ಮನೆಯಲ್ಲಿ ಓದಿಸಿ" ಎಂದು ಹೇಳಿ ಕಳಿಸಿದ್ದೆ. ಓದಿಸಿದ್ದಕ್ಕೆ ದಿನಾ ಡೈರಿಯಲ್ಲಿ ಸಹಿ ಕೇಳಿದ್ದೆ. ಸಹಿ ತಪ್ಪದೆ ಬರುತ್ತಿತ್ತು. ಓದು ಮಾತ್ರ ಬರುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಕೆಲವು ಮಕ್ಕಳು ಪುಸ್ತಕ ಕಂಡರೆ ಮುಖ ತಿರುಗಿಸಲು ಶುರು ಮಾಡಿದ್ದರು. ಒಬ್ಬ ಹುಡುಗ ಬಾಯಿಬಿಟ್ಟು ಹೇಳಿದ: "ಮಿಸ್, ಮನೆಗೆ ಪುಸ್ತಕ ಕೊಡಬೇಡಿ. ತಪ್ಪಾದ್ರೆ ಅಪ್ಪ ಬೈತಾರೆ." ಅವನ ಅಪ್ಪ ಒಳ್ಳೆಯವರೇ. ದುಡಿದು ಬಂದು, ದಣಿವಿನಲ್ಲೂ ಮಗನ ಪಕ್ಕ ಕೂರುತ್ತಿದ್ದರು. ಹೇಗೆ ಕೂರಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಸಂಶೋಧಕರಾದ ಮೋನಿಕ್ ಸೆನೆಶಾಲ್ ಮತ್ತು ಲಾರಾ ಯಂಗ್ 2008ರಲ್ಲಿ 16 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದನ್ನು ಆ ಸಮಯದಲ್ಲೇ ನಾನು ಓದಿದ್ದು. ತಂದೆತಾಯಿಯ ಸಹಾಯವನ್ನು ಅವರು ಮೂರು ಬಗೆ ಮಾಡಿದ್ದರು: ಮಗುವಿಗೆ ಓದಿ ಹೇಳುವುದು, ಮಗು ಓದುವಾಗ ಕೇಳಿಸಿಕೊಳ್ಳುವುದು, ತರಬೇತಿ ಪಡೆದು ಅಕ್ಷರ ಮತ್ತು ಪದಗಳನ್ನು ನಿರ್ದಿಷ್ಟವಾಗಿ ಕಲಿಸುವುದು. ಚಿಕ್ಕ ಮಕ್ಕಳಲ್ಲಿ ಓದು ಕಲಿಯುವುದಕ್ಕೆ ಹೆಚ್ಚು ನೆರವಾದದ್ದು ಮೂರನೆಯದು, ಆಮೇಲೆ ಎರಡನೆಯದು. ಓದಿ ಹೇಳುವುದು ಕೊನೆಗೆ ನಿಂತಿತು. ಹಾಗಂತ ಓದಿ ಹೇಳುವುದು ದಂಡ ಅಂತ ಅಲ್ಲ. ಅದರ ಫಲ ಬೇರೆ ಕಡೆ ಕಾಣುತ್ತದೆ. ಪದಗಳ ಪರಿಚಯ, ಮಾತಿನ ಅರ್ಥ, ಇವು ಬೆಳೆಯುವುದು ಕತೆ ಕೇಳಿ. ಅಕ್ಷರ ಗಟ್ಟಿಯಾಗುವುದು ಅಕ್ಷರ ಕಲಿಸಿದರೆ.

ಅಂದರೆ ನನ್ನ ಹುಡುಗನಿಗೆ ಬೇಕಾದದ್ದು ಒಂದು, ಹುಡುಗಿಗೆ ಬೇಕಾದದ್ದು ಇನ್ನೊಂದು. ಇಬ್ಬರ ಮನೆಗೂ "ಓದಿಸಿ" ಎಂಬ ಒಂದೇ ಮಾತು ಕಳಿಸಿದರೆ ಯಾರಿಗೆ ಏನು ಸಿಕ್ಕೀತು?

ಎರಡನೇ ವರ್ಷ ಸಭೆ ಬಿಟ್ಟೆ. ಪೋಷಕರನ್ನು ನಾಲ್ಕೈದು ಜನರಂತೆ, ಅವರಿಗೆ ಬಿಡುವಿದ್ದ ಹೊತ್ತಿಗೆ ತರಗತಿಗೆ ಕರೆದೆ. ಮಾತಾಡುವ ಬದಲು ಅವರ ಎದುರೇ ಒಂದು ಮಗುವನ್ನು ಓದಿಸಿ ತೋರಿಸಿದೆ. ಎದುರು ಕೂರಬೇಡಿ, ಪಕ್ಕ ಕೂರಿ. ಮಗು ಪದದಲ್ಲಿ ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ. ಆಗಲೂ ಬರದಿದ್ದರೆ ಪದವನ್ನು ನೀವೇ ಹೇಳಿ, ಮಗು ಅದನ್ನು ತಿರುಗಿ ಹೇಳಲಿ, ಮುಂದೆ ಹೋಗಿ. ಹತ್ತು ನಿಮಿಷಕ್ಕೆ ನಿಲ್ಲಿಸಿ, ಮಗು ಇನ್ನೂ ಬೇಕು ಅಂದರೆ ಮಾತ್ರ ಮುಂದುವರಿಸಿ.

ಐದು ಎಣಿಸುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಕೂತವರಿಗೆಲ್ಲಾ ಗೊತ್ತಾಯಿತು. ಎರಡಕ್ಕೇ ಬಾಯಿ ಬರುತ್ತದೆ. ಆದರೆ ಮಗು ಎಷ್ಟೋ ಸಲ ನಾಲ್ಕನೆಯ ಎಣಿಕೆಗೆ ತಾನೇ ಸರಿ ಮಾಡಿಕೊಳ್ಳುತ್ತದೆ. ಹಿಂದೆ ಹೇಳಿದ ಆ ಅಪ್ಪ ಇದನ್ನು ನೋಡಿ, "ನಾನು ಒಂದು ಸಲಾನೂ ಕಾಯಲಿಲ್ಲ, ಮೇಡಂ" ಎಂದರು. ಅವರ ಕಣ್ಣು ತುಂಬಿತ್ತು.

ಮನೆಗೆ ಕಳಿಸುವ ಪುಸ್ತಕವನ್ನೂ ಬದಲಿಸಿದೆ. ಮೊದಲು ಕಷ್ಟದ ಪುಸ್ತಕ ಕಳಿಸುತ್ತಿದ್ದೆ, ಅಭ್ಯಾಸ ಆಗಲಿ ಅಂತ. ಈಗ ನೂರು ಪದದಲ್ಲಿ ಐದಕ್ಕಿಂತ ಜಾಸ್ತಿ ತಪ್ಪಾಗುವ ಪುಸ್ತಕ ಮನೆಗೆ ಹೋಗುವುದಿಲ್ಲ. ಅದು ನನ್ನ ಕೆಲಸ, ತರಗತಿಯಲ್ಲೇ ಆಗಬೇಕು. ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನ ಕೊಡುವುದನ್ನೂ ನಿಲ್ಲಿಸಿದೆ. ಮಕ್ಕಳು ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಿದ್ದರು. ಸಹಿಯ ಬದಲು ಪುಸ್ತಕದೊಳಗೆ ಒಂದು ಚೀಟಿ ಇಟ್ಟೆ. ಎಲ್ಲಿ ನಿಲ್ಲಿಸಿದೆವು, ಯಾವ ಪದ ಕಾಡಿತು, ಅಷ್ಟೇ ಅದರಲ್ಲಿ.

ಅರ್ಕಾವತ್ತಿನ ಹುಡುಗನ ಮನೆಗೆ ದಿನಕ್ಕೆ ಐದು ಪದದ ಚೀಟಿ ಹೋಗುತ್ತಿತ್ತು. ಸೂರ್ಯ, ವರ್ಷ, ಮಾರ್ಗ, ಅರ್ಧ, ಕಾರ್ಯ. ಅವನ ಅಕ್ಕ ಓದಿಸುತ್ತಿದ್ದಳು. ಅರ್ಕಾವತ್ತನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಅಲ್ಲಿಂದ ಹಿಂದಿನ ಅಕ್ಷರಕ್ಕೆ ಒಂದು ಬಾಣ ಎಳೆಯುವುದು ಅವಳದೇ ಉಪಾಯ. ನನಗೆ ಹೊಳೆದಿರಲಿಲ್ಲ. ಈಗ ಇಡೀ ತರಗತಿಗೆ ಅದನ್ನೇ ಬಳಸುತ್ತೇನೆ.

ಹುಡುಗಿಯ ಅಮ್ಮ ಮಾತ್ರ ಹಿಂಜರಿದರು. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, "ಮೇಡಂ, ನನಗೇ ಓದಕ್ಕೆ ಬರಲ್ಲ. ನಾನೇನು ಹೇಳಿಕೊಡ್ಲಿ?" ಎಂದರು. ಏನೂ ಹೇಳಿಕೊಡಬೇಡಿ, ಅವಳಿಂದ ಕತೆ ಕೇಳಿಸಿಕೊಳ್ಳಿ, ತಿಳಿಯದ್ದನ್ನು ಕೇಳಿ ಎಂದೆ. ಸಮಾಧಾನಕ್ಕೆ ಹೇಳಿದ ಮಾತಾಗಿತ್ತು ಅದು, ನನಗೂ ಅಷ್ಟೇನೂ ನಂಬಿಕೆ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಆ ಹುಡುಗಿ ನನ್ನ ಹತ್ತಿರ ಓದುತ್ತಾ ಓದುತ್ತಾ ಅರ್ಧ ಪುಟದಲ್ಲಿ ನಿಂತಳು. ಪದ ಗೊತ್ತಾಗಲಿಲ್ಲವೇನೋ ಅಂದುಕೊಂಡು ನಾನು ಎಣಿಸತೊಡಗಿದೆ. ಅವಳು ಹಿಂದಿನ ಪುಟ ತಿರುವಿ, ಬೆರಳಿಟ್ಟು ಹುಡುಕಿ, "ಮಿಸ್, ಇವನು ಆಗ ಸುಳ್ಳು ಹೇಳಿದ್ನಾ? ಇಲ್ಲಿ ನೋಡಿದ್ರೆ ಹಂಗಲ್ಲ" ಎಂದಳು. ಯಾಕೆ ನಿಲ್ಲಿಸಿದೆ ಎಂದು ಕೇಳಿದರೆ, "ಅಮ್ಮ ಕೇಳ್ತಾರೆ" ಎಂದಳು.

ಅದನ್ನು ನಾನು ಬಹಳ ಯೋಚಿಸಿದ್ದೇನೆ. ನಾನು ಪ್ರಶ್ನೆ ಕೇಳಿದಾಗ ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ. ಅದು ಮಗುವಿಗೂ ಗೊತ್ತು. ಅಮ್ಮನಿಗೆ ಕತೆ ನಿಜವಾಗಲೂ ಗೊತ್ತಿರಲಿಲ್ಲ. ಮಗಳು ಅರ್ಥ ಮಾಡಿಕೊಂಡು ಹೇಳದಿದ್ದರೆ ಅಮ್ಮನಿಗೆ ಕತೆಯೇ ಸಿಗುವುದಿಲ್ಲ. ಓದು ಬಾರದ ಆ ತಾಯಿ ಕೊಟ್ಟ ಸಹಾಯವನ್ನು ಓದು ಬರುವ ನಾನು ಕೊಡಲು ಆಗುತ್ತಿರಲಿಲ್ಲ.

ಎಲ್ಲ ಮನೆಯಲ್ಲೂ ಹತ್ತು ನಿಮಿಷ ಸಿಗುವುದಿಲ್ಲ. ರಾತ್ರಿ ಪಾಳಿಗೆ ಹೋಗುವವರಿದ್ದಾರೆ, ಒಬ್ಬರೇ ಮೂರು ಮಕ್ಕಳನ್ನು ಸಾಕುವವರಿದ್ದಾರೆ. ಅಂಥ ಮಕ್ಕಳಿಗೆ ಮೇಲಿನ ತರಗತಿಯ ಮಕ್ಕಳನ್ನು ಜೊತೆ ಮಾಡಿ, ಬೆಳಿಗ್ಗೆ ಪಾಠ ಶುರುವಾಗುವ ಮುಂಚೆ ಓದಿಸಿದೆ. ರಜೆಯಲ್ಲಿ ಮಕ್ಕಳೇ ಆರಿಸಿಕೊಂಡ ಪುಸ್ತಕಗಳನ್ನು ಮನೆಗೆ ಕೊಟ್ಟೆ. ಕೆಲವು ಹರಿದು ಬಂದವು. ಹರಿದ ಪುಸ್ತಕ ಓದಿದ ಪುಸ್ತಕ ಅಂತಲೇ ನಾನು ತಿಳಿಯುತ್ತೇನೆ.

ಒಬ್ಬ ಹುಡುಗ ಮಾತ್ರ ಏನು ಮಾಡಿದರೂ ಮುಂದೆ ಹೋಗಲಿಲ್ಲ. ಚೀಟಿಗಳು ತುಂಬಿ ಬರುತ್ತಿದ್ದರೂ, ಮನೆಯಲ್ಲಿ ಓದಿಸುತ್ತಿಲ್ಲ ಎಂದೇ ನಾನು ನಿರ್ಧರಿಸಿಬಿಟ್ಟೆ. ತಾಯಿಗೆ ಅದನ್ನು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ದಿನಾ ಓದಿಸುತ್ತಿದ್ದರು. ತಜ್ಞರಿಗೆ ತೋರಿಸಿದಾಗ ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬರಹ ಬಿಡಿಸಿ ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ ಇದೆ ಎಂದು ಗೊತ್ತಾಯಿತು. ಮನೆಯ ಪ್ರೀತಿಯಾಗಲಿ, ತರಗತಿಯ ಅರ್ಧ ಗಂಟೆಯಾಗಲಿ ಅದಕ್ಕೆ ಸಾಲುವುದಿಲ್ಲ, ಬೇರೆ ಬಗೆಯ ಕಲಿಸುವಿಕೆ ಬೇಕು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಅವನಿಗೆ ಅಕ್ಷರ ಕಲಿಸುವ ಕೆಲಸ ಆ ತಜ್ಞರದ್ದು ಮತ್ತು ನನ್ನದು. ಮನೆಯಲ್ಲಿ ಅವನಿಂದ ಓದಿಸುವುದಿಲ್ಲ. ರಾತ್ರಿ ಅಮ್ಮ ಓದಿ ಹೇಳುತ್ತಾರೆ, ಅವನು ಪಕ್ಕದಲ್ಲಿ ಮಲಗಿ ಕೇಳುತ್ತಾನೆ.